ಎಡಮಗ್ಗುಲು

ದೆವ್ವ ಭೂತ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಹೆದರಿಕೆಯಲ್ಲ, ಸಿಟ್ಟು. ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಕೊಳಕು ಕತ್ತರಿಯಿಂದ, ಹೊಗೆ ತುಂಬಿದ ಖೋಲಿಯಿಂದ, ಗಂಡಸರ ಜಿಪುಣತನದಿಂದ ಸತ್ತ ಮಕ್ಕಳನ್ನು ನೋಡಿದ್ದೇನೆ. ದೆವ್ವ ಬಡಿದು ಸತ್ತ ಒಂದೇ ಒಂದು ಮಗುವನ್ನೂ ನೋಡಿಲ್ಲ. ಆದ್ದರಿಂದ ಮುಂಬಯಿಯ ಭಾಂಡುಪಿನಲ್ಲಿ, ದಾನಪ್ಪನ ಖೋಲಿಯಲ್ಲಿ ಕಂಡದ್ದನ್ನು ಹೇಳುವಾಗ ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ. ನಡೆದದ್ದು ಹಾಗೆ, ಅಷ್ಟೆ.

ಅದು ಐವತ್ತನಾಲ್ಕನೆಯ ಇಸವಿಯ ಎಪ್ರಿಲ್. ನಾನು ಉಡುಪಿ ಕಡೆಯವಳು, ಹೆಸರು ಸೇವಂತಿ. ಸಾಂತಾಕ್ರೂಜಿನಲ್ಲಿ ಅಣ್ಣ ರಮಾನಾಥನ ಮನೆಯಲ್ಲಿ ಇದ್ದುಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ ಭಾಂಡುಪಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಹೆರಿಗೆ ಆಸ್ಪತ್ರೆಯಿತ್ತು. ಬಾಣಂತಿಯರು ಮನೆಗೆ ಹೋದ ಮೇಲೂ ಒಂದೂವರೆ ತಿಂಗಳು ಅವರ ಖೋಲಿಗಳಿಗೆ ಹೋಗಿ, ಮಗುವನ್ನು ಬಟ್ಟೆಯಲ್ಲಿ ಕಟ್ಟಿ ಕೊಕ್ಕೆ ತಕ್ಕಡಿಯಲ್ಲಿ ತೂಗಿ, ತಾಯಿಯನ್ನು ಗದರಿಸಿ ಬರುವುದು ನನ್ನ ಪಾಲಿನ ಕೆಲಸ. ಗದರಿಸುವುದು ನೌಕರಿಯ ಕಾಗದದಲ್ಲಿ ಇರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೆ.

ಆ ತಿಂಗಳು ನಮ್ಮಲ್ಲಿ ಚನ್ನವ್ವ ಎಂಬವಳು ಅವಳಿ ಗಂಡುಮಕ್ಕಳನ್ನು ಹೆತ್ತಳು. ಬಿಜಾಪುರ ಜಿಲ್ಲೆಯವರು. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಮಕ್ಕಳು. ಮೊದಲನೆಯದು ನಾಲ್ಕೂಮುಕ್ಕಾಲು ಪೌಂಡು, ಎರಡನೆಯದು ನಾಲ್ಕೂ ತುಂಬಿರಲಿಲ್ಲ. ಹೆತ್ತ ದಿನ ಸಂಜೆ ಅವಳು ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ ಮಾತು, ಎರಡೂ ಉಳಿಯುತ್ತವೆಯೇ ಎಂದು. ನಾನು ಹೇಳಿದ ಹಾಗೆ ನಡೆದುಕೊಂಡರೆ ಎರಡೂ ಉಳಿಯುತ್ತವೆ ಎಂದೆ. ಅಷ್ಟು ಧೈರ್ಯವಾಗಿ ಹೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಅವರ ಖೋಲಿ ಚಾಳಿನ ಎರಡನೆಯ ಮಾಳಿಗೆಯಲ್ಲಿತ್ತು. ಹತ್ತಡಿಗೆ ಹನ್ನೆರಡಡಿ. ಒಂದು ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಇನ್ನೊಂದರಲ್ಲಿ ಒಲೆ, ಉಳಿದ ನೆಲವೇ ನಡುಮನೆ, ಅದೇ ಮಲಗುವ ಮನೆ. ಗಂಡ ದಾನಪ್ಪನಿಗೆ ಕಾರ್ಖಾನೆಯಲ್ಲಿ ಕಾಯಂ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಉಂಡು, ಹತ್ತಕ್ಕೆ ಮಲಗಿದರೆ ಐದಕ್ಕೆ ಏಳುವವನು. ರಾತ್ರಿಯೆಲ್ಲ ಎರಡು ಮಕ್ಕಳಿಗೆ ಹಾಲೂಡಿಸಿದ ಚನ್ನವ್ವನೂ ಅದೇ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದಳು. ಆ ಮನೆಯಲ್ಲಿ ಮಧ್ಯಾಹ್ನವೇ ರಾತ್ರಿ. ಎಚ್ಚರವಾಗಿರುತ್ತಿದ್ದವಳು ದಾನಪ್ಪನ ತಾಯಿ ಬಸಲಿಂಗವ್ವ ಒಬ್ಬಳೇ. ಗೋಡೆಗೆ ಬೆನ್ನು ಕೊಟ್ಟು ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದಳು. ಒಂದು ಹಿಡಿಯಷ್ಟಿದ್ದ ಮುದುಕಿ. ಮಾತು ಅದಕ್ಕಿಂತ ಕಡಿಮೆ.

ನಾನು ಮೊದಲ ಸಲ ಹೋದದ್ದು ಹದಿಮೂರನೆಯ ದಿನ ಮಧ್ಯಾಹ್ನ. ಹಿಂದಿನ ದಿನ ನಾಮಕರಣ ಆಗಿತ್ತು. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಒಂದು ದೊಡ್ಡ ಕೌದಿ ಹಾಸಿ ಎಲ್ಲರೂ ಸಾಲಾಗಿ ಮಲಗಿದ್ದರು. ಗೋಡೆಯ ಪಕ್ಕದಲ್ಲಿ ದಾನಪ್ಪ, ಈ ತುದಿಯಲ್ಲಿ ಚನ್ನವ್ವ, ನಡುವೆ ಕುಂಚಿಗೆ ತೊಡಿಸಿದ ಮಕ್ಕಳು. ಒಂದು ಕ್ಷಣ ನಿಂತು ನೋಡಿದೆ. ಆಮೇಲೆ ಎಣಿಸಿದೆ. ಕುಂಚಿಗೆಗಳು ಮೂರು ಇದ್ದವು.

ನನ್ನ ಕಣ್ಣೇ ಕೆಟ್ಟಿತೋ ಎಂದುಕೊಂಡು ಹತ್ತಿರ ಹೋಗಿ ಬಾಗಿದೆ. ದಾನಪ್ಪನ ಎಡಕ್ಕೆ, ಅವನ ತೋಳಿನ ಕೆಳಗಿದ್ದ ಮೂರನೆಯ ಕುಂಚಿಗೆಯ ಒಳಗೆ ಮುಖವಿರಲಿಲ್ಲ. ಕರಿಯ ಗುಂಡಕಲ್ಲಿತ್ತು, ಚಟ್ನಿ ಮಸಾಲೆ ಅರೆಯುವ ಗುಂಡಕಲ್ಲು. ಮುಟ್ಟಿದರೆ ಬೆಚ್ಚಗಿತ್ತು. ಮನುಷ್ಯನ ಮೈಗೆ ತಾಗಿಕೊಂಡಿದ್ದ ಕಲ್ಲು ಬೆಚ್ಚಗಿರುವುದರಲ್ಲಿ ಏನೂ ಆಶ್ಚರ್ಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಎದ್ದು ಕೂತ ಚನ್ನವ್ವ ನಾಚುತ್ತ ವಿವರಿಸಿದಳು. ಅವರ ಕಡೆ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಅದಕ್ಕಿಂತ ಮುಂಚೆ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ ತೂಗುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಅದು ನನಗೆ ಗೊತ್ತಿತ್ತು, ಬಿಜಾಪುರದ ಬಾಣಂತಿಯರು ನನಗೆ ಹೊಸಬರಲ್ಲ. ಆದರೆ ಈ ಕಲ್ಲು ಮಕ್ಕಳದ್ದಲ್ಲವಂತೆ, ದಾನಪ್ಪನದಂತೆ. ಅವನ ತೊಟ್ಟಿಲಿಗೆ ಹಾಕಿದ್ದ ಕಲ್ಲು. ಅದು ಎಡಮಗ್ಗುಲಲ್ಲಿ ಇಲ್ಲದಿದ್ದರೆ ಅವನಿಗೆ ಕೂಸಿದ್ದಾಗಿನಿಂದಲೂ ನಿದ್ದೆ ಹತ್ತುವುದಿಲ್ಲ. ಮುಂಬಯಿಗೆ ಬರುವಾಗ ಟ್ರಂಕಿನಲ್ಲಿ ಅರಿವೆಗಿಂತ ಮೊದಲು ಅದನ್ನೇ ಇಟ್ಟುಕೊಂಡು ಬಂದಿದ್ದನಂತೆ.

ನಾನು ನಕ್ಕುಬಿಟ್ಟೆ. ಇಪ್ಪತ್ತೆಂಟು ವರ್ಷದ ಗಂಡಸು, ಕಬ್ಬಿಣ ಎತ್ತುವ ಕೈ, ಕಲ್ಲುಗೊಂಬೆ ತಬ್ಬಿಕೊಂಡು ಮಲಗುವುದೇ ಎಂದು ಅವನು ಎಚ್ಚರಾದ ಮೇಲೆ ಅವನ ಎದುರಿಗೇ ಆಡಿಕೊಂಡೆ. ಅವನ ಮುಖ ಕೆಂಪಾಯಿತು. ನಗು ಮುಗಿದ ಮೇಲೆ ಗದರಿಕೆ ಶುರುಮಾಡಿದೆ. ನಾಲ್ಕು ಪೌಂಡಿನ ಕೂಸಿನ ಪಕ್ಕದಲ್ಲಿ ಅದಕ್ಕಿಂತ ಭಾರದ ಕಲ್ಲು! ಉರುಳಿದರೆ ಗತಿಯೇನು? ದೊಡ್ಡವರ ಹಾಸಿಗೆಯಲ್ಲಿ ಮಕ್ಕಳನ್ನು ಮಲಗಿಸುವುದೇ ತಪ್ಪು. ನಿದ್ದೆಯಲ್ಲಿ ಯಾರಾದರೂ ಮಗ್ಗುಲು ಬದಲಿಸಿದರೆ ಸಾಕು. ಕಲ್ಲು ಇವತ್ತೇ ಹೊರಗೆ ಹೋಗಬೇಕು, ಮಕ್ಕಳಿಗೆ ಬೇರೆ ಜಾಗ ಆಗಬೇಕು ಎಂದೆ. ದಾನಪ್ಪ ಕುಂಚಿಗೆ ಬಿಚ್ಚಿ, ಕಲ್ಲನ್ನು ಎತ್ತಿಕೊಂಡು ಹೋಗಿ ಖೋಲಿಗಳ ಮುಂದಿನ ಗ್ಯಾಲರಿಯ ಕೊನೆಯಲ್ಲಿದ್ದ ಒರಳಿನ ಹತ್ತಿರ ಇಟ್ಟುಬಂದ. ಬಸಲಿಂಗವ್ವ ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಜೋಳಕ್ಕೆ ಕೈ ಹಾಕಿದಳು.

ಅವತ್ತು ರಿಜಿಸ್ಟರಿಗೆ ಹೆಸರು ಕೇಳಿದೆ. ಮೊದಲನೆಯದಕ್ಕೆ ಅಜ್ಜನ ಹೆಸರು ಶೆಟ್ಟೆಪ್ಪ ಎಂದಿಟ್ಟಿದ್ದರು. ಎರಡನೆಯದಕ್ಕೆ? ಇನ್ನೂ ಇಟ್ಟಿಲ್ಲ, ಆಮೇಲೆ ನೋಡೋಣ ಎಂದು ಅತ್ತೆ ಹೇಳಿದ್ದಾರೆ ಎಂದಳು ಚನ್ನವ್ವ. ಒಂದೇ ದಿನ ಹುಟ್ಟಿದ ಎರಡು ಮಕ್ಕಳಲ್ಲಿ ಒಂದಕ್ಕೆ ಹೆಸರಿಟ್ಟು ಇನ್ನೊಂದನ್ನು ಹಾಗೇ ಬಿಟ್ಟದ್ದು ನನಗೆ ವಿಚಿತ್ರವೆನಿಸಿತು. ಆದರೆ ಬಿಸಿಲು ಜೋರಾಗಿತ್ತು, ಇನ್ನೂ ನಾಲ್ಕು ಮನೆ ಬಾಕಿಯಿದ್ದವು.

ಅಣ್ಣನ ಹೋಟೆಲಿನಲ್ಲಿ ಚಹಾ ಪುಡಿಯ ಖಾಲಿ ಪೆಟ್ಟಿಗೆಗಳಿದ್ದವು. ಒಂದನ್ನು ಬಡಗಿಯಿಂದ ಎರಡು ಹೋಳು ಮಾಡಿಸಿ, ಅಂಚಿನ ತಗಡು ಕೀಳಿಸಿ, ಉಜ್ಜಿಸಿ, ಎರಡನ್ನೂ ಲೋಕಲ್ಲಿನಲ್ಲಿ ಹೊತ್ತುಕೊಂಡು ಹೋದೆ. ಹೆಂಗಸರ ಡಬ್ಬಿಯಲ್ಲಿ ನನ್ನನ್ನು ಬೈಯದವರಿರಲಿಲ್ಲ. ಚನ್ನವ್ವನಿಗೆ ತೋರಿಸಿಕೊಟ್ಟೆ: ಒಂದು ಪೆಟ್ಟಿಗೆಗೆ ಒಂದೇ ಮಗು. ತಳಕ್ಕೆ ಹಳೆಯ ಸೀರೆಯನ್ನು ಮಡಚಿ ಬಿಗಿಯಾಗಿ ಹಾಸುವುದು, ಮೆತ್ತಗೆ ಏನೂ ಬೇಡ. ಸಾಸಿವೆ ದಿಂಬು ಬೇಡ, ಕೌದಿ ಬೇಡ. ಮಗುವನ್ನು ಅಂಗಾತ ಮಲಗಿಸಬೇಕು, ಮುಖದ ಮೇಲೆ ಎಳೆ ಬಟ್ಟೆಯೂ ಬರಬಾರದು. ಮಲಗಿಕೊಂಡು ಹಾಲೂಡಿಸಬಾರದು. ಅವಳು ಶಾಲೆಯ ಹುಡುಗಿಯಂತೆ ಒಂದೊಂದನ್ನೂ ಮತ್ತೆ ಹೇಳಿ ಒಪ್ಪಿಸಿದಳು. ಅಂಥ ಅಚ್ಚುಕಟ್ಟಿನ ತಾಯಿಯನ್ನು ನಾನು ಕಂಡದ್ದು ಕಡಿಮೆ. ಪೆಟ್ಟಿಗೆಗಳನ್ನು ಅವಳ ತಲೆಯ ಬಳಿ, ದಾನಪ್ಪನಿಂದ ದೂರ ಇಡಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಹಿಂತಿರುಗಿದೆ.

ಮುಂದಿನ ವಾರ ಹೋದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಮೂರು ದಿನದಿಂದ, ಮಧ್ಯಾಹ್ನ ಕಣ್ಣು ಬಿಟ್ಟರೆ ಎರಡನೆಯ ಪೆಟ್ಟಿಗೆ ಬರಿದಾಗಿರುತ್ತಿತ್ತಂತೆ. ಕೂಸು ದಾನಪ್ಪನ ಎಡಮಗ್ಗುಲಲ್ಲಿ, ಅವನ ತೋಳಿನ ಕೆಳಗೆ, ಕೌದಿಯೊಳಗೆ ಇರುತ್ತಿತ್ತಂತೆ. ಅಳುತ್ತಲೂ ಇರಲಿಲ್ಲವಂತೆ. ಯಾರು ಇಟ್ಟರು ಎಂದರೆ ಯಾರೂ ಇಟ್ಟಿಲ್ಲ. ಒಳಗಿನಿಂದ ಚಿಲಕ ಹಾಕಿದ್ದರು. ದಾನಪ್ಪ ತನಗೇನೂ ಗೊತ್ತಿಲ್ಲ ಎಂದು ದೇವರಾಣೆ ಮಾಡಿದ. ಬಸಲಿಂಗವ್ವ ತನಗೂ ಜೋಂಪು ಹತ್ತಿತ್ತು ಎಂದಳು.

ನನ್ನ ಸಿಟ್ಟೆಲ್ಲ ಚನ್ನವ್ವನ ಮೇಲೆ ತಿರುಗಿತು. ಎಂಥ ತಾಯಿಯೇ ನೀನು, ನಿದ್ದೆಗಣ್ಣಲ್ಲಿ ಹಾಲೂಡಿಸಿ ಎಲ್ಲಿ ಮಲಗಿಸಿದೆ ಎಂಬುದೂ ನೆನಪಿಲ್ಲದ ಹಾಗೆ ಎಂದು ಗ್ಯಾಲರಿಯ ಹೆಂಗಸರಿಗೆಲ್ಲ ಕೇಳುವಂತೆ ಬೈದೆ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆ ಬೈಗಳನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಪೆಟ್ಟಿಗೆಗಳನ್ನು ಖೋಲಿಯ ಆ ತುದಿಗೆ, ಬಸಲಿಂಗವ್ವ ಕೂರುವ ಜಾಗದ ಪಕ್ಕಕ್ಕೆ ಸರಿಸಿದೆ. ನೀವಾದರೂ ಕಣ್ಣಿಟ್ಟಿರಿ ಅಮ್ಮಾ ಎಂದು ಮುದುಕಿಗೆ ಹೇಳಿದೆ. ಅವಳು ಹೂಂ ಎಂದಳು.

ಎರಡೇ ದಿನಕ್ಕೆ ಚನ್ನವ್ವ ಎರಡೂ ಮಕ್ಕಳನ್ನು ಎತ್ತಿಕೊಂಡು, ಬರಿಗಾಲಿನಲ್ಲಿ, ಬಿಸಿಲಿನಲ್ಲಿ ಆಸ್ಪತ್ರೆಗೇ ಬಂದಳು. ಅವತ್ತೂ ಸಣ್ಣ ಕೂಸು ದಾನಪ್ಪನ ಮಗ್ಗುಲಲ್ಲೇ ಇತ್ತಂತೆ, ಕೌದಿ ಅದರ ಮುಖವನ್ನು ಪೂರ್ತಿ ಮುಚ್ಚಿತ್ತಂತೆ. ತೆಗೆದಾಗ ತುಟಿ ನೀಲಿಯಾಗಿತ್ತು. ತಲೆಕೆಳಗೆ ಹಿಡಿದು ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಪರೀಕ್ಷೆ ಮಾಡಿದೆ, ಮಗು ಚೆನ್ನಾಗಿಯೇ ಇತ್ತು. ತೂಕ ಮಾತ್ರ ಎರಡು ಔನ್ಸು ಇಳಿದಿತ್ತು. ಅವಳು ನನ್ನ ಕಿವಿಯ ಹತ್ತಿರ ಬಂದು, ಅಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಹೇಳಿದಳು:

“ನರ್ಸ್‌ಬಾಯಿ, ನಮ್ಮ ಖೋಲ್ಯಾಗ ಇನ್ನೂ ಯಾರೋ ಅದಾರ್ರಿ.”

ಹಗಲು ಎರಡು ಗಂಟೆ. ಹೊರಗೆ ರಸ್ತೆಯಲ್ಲಿ ಬರ್ಫದ ಗಾಡಿಯವನು ಕೂಗುತ್ತಿದ್ದ. ಆದರೂ ನನ್ನ ಮೈಮೇಲೆ ಮುಳ್ಳೆದ್ದಿತು, ಹಿಂದೆಯೇ ಸಿಟ್ಟೂ ಬಂತು. ಅವಳ ಮೇಲೆ ಬಂದ ಸಿಟ್ಟಲ್ಲ ಅದು, ಹಾಗೆ ಹೆದರಿದ ನನ್ನ ಮೇಲೆ ನನಗೇ ಬಂದದ್ದು. ಮರುದಿನ ಅರ್ಧ ದಿನದ ರಜೆ ಹಾಕಿ ಅವರ ಖೋಲಿಗೆ ಹೋದೆ.

ಹನ್ನೊಂದಕ್ಕೆ ದಾನಪ್ಪ ಗೊರಕೆ ಹೊಡೆಯುತ್ತಿದ್ದ. ಚನ್ನವ್ವನಿಗೆ ಮಲಗು ಎಂದೆ. ಐದು ನಿಮಿಷದಲ್ಲಿ ಅವಳಿಗೂ ನಿದ್ದೆ. ನಾನು ಮೋರಿಯ ಕಟ್ಟೆಯ ಮೇಲೆ, ಒಣಹಾಕಿದ್ದ ಸೀರೆಯ ಮರೆಯಲ್ಲಿ ಕುಳಿತೆ. ಬಸಲಿಂಗವ್ವ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಹನ್ನೆರಡಕ್ಕೆ ನಳ ನಿಂತಿತು. ನೀರು ನಿಂತ ಮೇಲೆ ಚಾಳಿನಲ್ಲಿ ಬೀಳುವ ಮೌನ ಬೇರೆ ಯಾವ ಹೊತ್ತಿನಲ್ಲೂ ಇರುವುದಿಲ್ಲ. ಬಿಂದಿಗೆಗಳ ಸದ್ದಿಲ್ಲ, ಜಗಳವಿಲ್ಲ. ಸೆಖೆ ಹೇಳತೀರದು. ನನಗೂ ಕಣ್ಣು ಎಳೆಯತೊಡಗಿತು.

ಗೊರಕೆ ನಿಂತದ್ದರಿಂದ ಎಚ್ಚರಾಯಿತು. ದಾನಪ್ಪ ಎದ್ದು ಕೂತಿದ್ದ. ಕಣ್ಣು ತೆರೆದಿದ್ದವು, ಆದರೆ ನೋಟ ಯಾವುದರ ಮೇಲೂ ನಿಂತಿರಲಿಲ್ಲ. ಎಡಗೈಯಿಂದ ತನ್ನ ಪಕ್ಕದ ಖಾಲಿ ಜಾಗವನ್ನು ತಡವಿದ, ಇನ್ನೊಮ್ಮೆ ತಡವಿದ. ಆಮೇಲೆ ಎದ್ದ. ಚನ್ನವ್ವನ ಕಾಲಿಗೆ ತಾಗದಂತೆ ದಾಟಿ, ಮೊದಲನೆಯ ಪೆಟ್ಟಿಗೆಯ ಮುಂದೆ ನಿಲ್ಲದೆ, ಸೀದಾ ಎರಡನೆಯದಕ್ಕೆ ಬಾಗಿದ. ಕುತ್ತಿಗೆಯ ಕೆಳಗೆ ಒಂದು ಅಂಗೈ, ಬೆನ್ನಿಗೆ ಒಂದು ಅಂಗೈ ಕೊಟ್ಟು ಎತ್ತಿದ. ಎಚ್ಚರವಿದ್ದಾಗ ಆ ಮನುಷ್ಯ ಮಕ್ಕಳನ್ನು ಮುಟ್ಟಲೂ ಹೆದರುತ್ತಿದ್ದ. ಎಳೆಗೂಸನ್ನು ಎತ್ತುವ ಆ ರೀತಿಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದೆ. ಆಗಲೇ ನಾನು ಇನ್ನೊಂದನ್ನು ನೋಡಿದ್ದು. ಬಸಲಿಂಗವ್ವ ಎಚ್ಚರವಾಗಿದ್ದಳು. ಗೋಡೆಗೊರಗಿದ್ದ ತಲೆ ಅಲುಗಲಿಲ್ಲ, ಮಡಿಲಲ್ಲಿದ್ದ ಕೈ ಅಲುಗಲಿಲ್ಲ. ಕಣ್ಣುಗಳು ಮಾತ್ರ ಮಗನ ಜೊತೆಗೆ ಪೆಟ್ಟಿಗೆಯಿಂದ ಹಾಸಿಗೆಯವರೆಗೆ ಹೋದವು. ಅವನು ಕೂಸನ್ನು ಎಡಕ್ಕೆ ಮಲಗಿಸಿಕೊಂಡು, ಮೇ ತಿಂಗಳ ಆ ಬೇಗೆಯಲ್ಲಿ ಕೌದಿಯನ್ನು ಅದರ ತಲೆಯ ಮೇಲಕ್ಕೆಳೆದು, ತೋಳು ಹಾಕಿ, ಮಗ್ಗುಲಾದ. ಅವಳು ಅದನ್ನೂ ನೋಡಿದಳು. ನೋಡಿ, ಕಣ್ಣು ಮುಚ್ಚಿಕೊಂಡಳು.

ನಾನು ಹಾರಿ ಹೋಗಿ ಕೌದಿ ಕಿತ್ತು ಕೂಸನ್ನು ಎಳೆದುಕೊಂಡೆ. ಉಸಿರಾಡುತ್ತಿತ್ತು. ದಾನಪ್ಪನಿಗೆ ಎಚ್ಚರವಾಗಲಿಲ್ಲ, ಬರಿದಾದ ಕೈ ಮಾತ್ರ ಸ್ವಲ್ಪ ಹೊತ್ತು ಹಾಸಿಗೆಯನ್ನು ತಡವಿ ಸುಮ್ಮನಾಯಿತು. ನಾನು ಮುದುಕಿಯ ರಟ್ಟೆ ಹಿಡಿದು ಮೋರಿಯ ಕಡೆಗೆ ಎಳೆದುಕೊಂಡು ಹೋದೆ. ಅವಳಿಗೆ ತೂಕವೇ ಇರಲಿಲ್ಲ. ಎಷ್ಟು ದಿನದಿಂದ ನೋಡುತ್ತಿದ್ದೀರಿ ಎಂದು ಕೇಳಿದೆ. ಮೊದಲ ದಿನದಿಂದ ಎಂದಳು.

ಅವಳು ಹೇಳಿದ್ದನ್ನು ಹೇಗೆ ಕೇಳಿದೆನೋ ಹಾಗೇ ಹೇಳುತ್ತೇನೆ. ದಾನಪ್ಪನೂ ಅವಳಿಯೇ. ಅವನ ಹಿಂದೆಯೇ ಇನ್ನೊಂದು ಗಂಡು ಹುಟ್ಟಿತ್ತು. ಇಪ್ಪತ್ತನೆಯ ದಿನಕ್ಕೇ ಅವಳನ್ನು ಹೊಲಕ್ಕೆ ಕಳಿಸಿದರು.

“ಜ್ವಾಳಾ ಕೊಯ್ದು ಬಂದಾಕಿ, ಎರಡೂ ಮಗ್ಗಲಾಗ ಹಾಕ್ಕೊಂಡು ಮಲಗಿದೆ. ಬಲಕ್ಕ ಇವ, ಎಡಕ್ಕ ಅದು. ಸತ್ತಂಗ ನಿದ್ದಿ ಹತ್ತಿತ್ತು. ಎದ್ದಾಗ ಅದು ನನ್ನ ಬುಡಕ ಇತ್ತು.”

ಬಾಲಗ್ರಹ ಬಡಿಯಿತು ಎಂದು ಊರಿಗೆ ಹೇಳಿದಳು. ಮಗ್ಗುಲು ಬರಿದಾದ ಮೇಲೆ ದಾನಪ್ಪ ಹಗಲೂ ರಾತ್ರಿ ಅತ್ತ. ಸತ್ತ ಕೂಸಿನ ಕುಂಚಿಗೆಯನ್ನು ತೊಟ್ಟಿಲ ಗುಂಡಕಲ್ಲಿಗೆ ಸುತ್ತಿ ಅವನ ಎಡಕ್ಕೆ ಇಟ್ಟಳು, ಸುಮ್ಮನಾದ. ಬೆಳೆದ ಮೇಲೂ ಬಿಡಿಸಲಿಲ್ಲ. ನಿನಗೊಬ್ಬ ತಮ್ಮನಿದ್ದ ಎಂದು ಅವನಿಗೆ ಹೇಳಲೂ ಇಲ್ಲ. ಆ ಕಲ್ಲನ್ನು ನಾನು ನಕ್ಕು ಹೊರಗೆ ಹಾಕಿಸಿದ್ದೆ.

ಇದೆಲ್ಲ ಸರಿ, ಕಣ್ಣಾರೆ ಕಂಡೂ ಕೂಸನ್ನು ಯಾಕೆ ಎತ್ತಿಕೊಳ್ಳಲಿಲ್ಲ ಎಂದು ಕೇಳಿದೆ.  ಅವಳು ನಡುಗದ ದನಿಯಲ್ಲಿ ಹೇಳಿದಳು:

“ಸತ್ತಾವ ಬೇಡಾಕ ಬಂದಾನ, ಯವ್ವಾ. ಕಲ್ಲು ಇರೂತನಕ ಸುಮ್ಮನಿದ್ದ. ಸಣ್ಣದನ್ನ ಕೊಟ್ರ ಹೋಗ್ತಾನ, ಕೊಡದಿದ್ರ ನನ್ನ ದಾನಪ್ಪನ್ನ ಒಯ್ತಾನ. ನನಗೂ ಎರಡು ಹುಟ್ಟಿದ್ವು, ಒಂದು ಉಳೀತು. ಅಕೀಗೂ ಒಂದು ಉಳೀತೈತಿ.”

ಅದಕ್ಕೇ ಎರಡನೆಯದಕ್ಕೆ ಹೆಸರಿಟ್ಟಿರಲಿಲ್ಲ. ನಾನು ಹಿಂದಕ್ಕೆ ತಿರುಗಿದೆ. ಚನ್ನವ್ವ ಒಣಹಾಕಿದ ಸೀರೆಯ ಆಚೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.  ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ, ಅದರ ಮುಂದೆ ಕುಳಿತಳು.

ಸಂಜೆ ದಾನಪ್ಪನಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿದೆವು, ನಿದ್ದೆಯಲ್ಲಿ ಎದ್ದು ಕೂಸನ್ನು ಎತ್ತಿಕೊಳ್ಳುತ್ತೀಯ ಎಂದು. ಅವನು ತಲೆ ಹಿಡಿದುಕೊಂಡು ಕೂತುಬಿಟ್ಟ. ಕನಸೇನೂ ಬೀಳುವುದಿಲ್ಲವಂತೆ. ಮಲಗಿದರೆ ಎಡಗಡೆಗೆ ಥಂಡಿ ಹತ್ತುತ್ತದೆ, ಅಷ್ಟೇ ಗೊತ್ತಂತೆ. ಬೇರೆ ಕಡೆ ಮಲಗು ಎಂದರೆ ಎಲ್ಲಿ? ಆ ಚಾಳಿನಲ್ಲಿ ಪ್ರತಿ ಖೋಲಿಯಲ್ಲೂ ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಮಲಗುವವರಿದ್ದರು. ಕೊನೆಗೆ ನಾನೇ ದಾರಿ ಹೇಳಿದೆ: ಗ್ಯಾಲರಿಯಲ್ಲಿ ಚಾಪೆ ಹಾಕಿ, ಕಲ್ಲನ್ನು ಮೊದಲಿನಂತೆ ಕುಂಚಿಗೆ ಸುತ್ತಿ ಎಡಕ್ಕೆ ಇಟ್ಟುಕೊಂಡು ಮಲಗಲಿ. ನಾನು ಮಾಡಿದ ತಪ್ಪು ಅಲ್ಲಿಗೆ ಸರಿಹೋಗುತ್ತದೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ನಾನು ಚನ್ನವ್ವನ ಜೊತೆ ಒಳಗಿದ್ದೆ. ಬಾಗಿಲಿಗೆ ಚಿಲಕ ಹಾಕಿ, ಟ್ರಂಕನ್ನು ಅಡ್ಡ ಎಳೆದಿದ್ದೆವು. ಒಂದು ಗಂಟೆಯ ಸುಮಾರಿಗೆ ಬಾಗಿಲು ಸದ್ದಾಯಿತು. ಬಡಿತವಲ್ಲ. ಮೆತ್ತಗೆ, ಒಂದೇ ಲಯದಲ್ಲಿ, ತಗ್ಗಿನಲ್ಲಿ. ಕೂಗಿದರೆ ಉತ್ತರವಿಲ್ಲ. ಕಿಟಕಿಯಿಂದ ಇಣುಕಿದೆ. ದಾನಪ್ಪ ಹೊಸ್ತಿಲ ಮುಂದೆ ಮಂಡಿಯೂರಿ ಕುಳಿತು ಹಣೆಯಿಂದ ಬಾಗಿಲನ್ನು ತಟ್ಟುತ್ತಿದ್ದ. ಕಣ್ಣು ತೆರೆದಿದ್ದವು. ಅವನ ಎಡಗೈ ಬಾಗಿಲ ಕೆಳಗಿನ ಸಂದಿನಲ್ಲಿ ಬೆರಳು ತೂರಿಸಿ ಒಳಗಡೆಯ ನೆಲವನ್ನು ತಡವುತ್ತಿತ್ತು. ಕಲ್ಲು ಚಾಪೆಯ ಮೇಲೆ ಹಾಗೇ ಬಿದ್ದಿತ್ತು. ಕುಂಚಿಗೆ ಮಾತ್ರ ಬಿಚ್ಚಿ ಕೈಗೆ ಸುತ್ತಿಕೊಂಡು ಬಂದಿದ್ದ.

ಜೀವವಿರುವ ಮೈಯ ಬಿಸುಪು ಸಿಕ್ಕ ಮೇಲೆ ಕಲ್ಲು ಅವನಿಗೆ ಬೇಡವಾಗಿತ್ತು. ಅದು ನನಗೆ ಹೊಳೆದದ್ದು ಆಗ. ಚಾಳಿನವರು ಸೇರಿದರು, ಯಾರೋ ಅವನ ಮುಖಕ್ಕೆ ನೀರು ಚಿಮುಕಿಸಿದರು. ಎಚ್ಚರಾದ ದಾನಪ್ಪ ತನ್ನ ಹಣೆ ಮುಟ್ಟಿ, ಬೆರಳಿಗೆ ಅಂಟಿದ ರಕ್ತ ನೋಡಿ, ಜನರನ್ನು ನೋಡಿ ಮಗುವಿನಂತೆ ಅತ್ತ. ದಿನಾ ಹೀಗಾದರೆ ಅವನ ನೌಕರಿ ಉಳಿಯುವುದಿಲ್ಲ, ತಲೆಯೂ ಉಳಿಯುವುದಿಲ್ಲ. ಎರಡು ದಿನ ನನ್ನ ಮನೆಗೆ ಬಾ ಎಂದು ಚನ್ನವ್ವನನ್ನು ಕರೆದೆ. ಎರಡು ದಿನ ಆದ ಮೇಲೇನು ಎಂದು ಅವಳು ಕೇಳಿದಳು. ನಾನು ತಕ್ಕಡಿಯನ್ನು ಚೀಲಕ್ಕೆ ಹಾಕತೊಡಗಿದೆ. 

ಅವನು ಪಾಳಿಗೆ ಹೊರಟುಹೋದ ಮೇಲೆ ಅವಳು ನನ್ನ ರಿಜಿಸ್ಟರನ್ನು ತೋರಿಸಿ, ಎರಡನೆಯವನ ಹೆಸರು ಸಿದ್ದಲಿಂಗಪ್ಪ, ಬರೆದುಕೊಳ್ಳಿ ಎಂದಳು. ನಾನು ಬರೆಯುವುದನ್ನೇ ನೋಡುತ್ತಿದ್ದು, ಪೆನ್ನು ನಿಂತ ಮೇಲೆ ಅತ್ತೆಯ ಕಡೆ ತಿರುಗಿದಳು. ಉಪ್ಪು ಕೇಳುವಾಗಿನ ದನಿಯಲ್ಲಿ ಹೇಳಿದಳು:

“ಅತ್ತಿ, ನಾಳಿಂದ ಅವರ ಎಡಕ್ಕ ನೀವ ಮಲಕೊಳ್ರಿ.”

ಬಸಲಿಂಗವ್ವ ಸೊಸೆಯ ಮುಖ ನೋಡಿ, ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ನಾನು ನಡುವೆ ಬಾಯಿ ಹಾಕಬೇಕಿತ್ತು. ಅರವತ್ತು ದಾಟಿದ ಮುದುಕಿ, ಎಲುಬಿನ ಗೂಡು ಎನ್ನಬೇಕಿತ್ತು. ಎನ್ನಲಿಲ್ಲ. ಪೆಟ್ಟಿಗೆಯಲ್ಲಿ ಸಿದ್ದಲಿಂಗಪ್ಪ ಕೈಕಾಲು ಬಡಿಯುತ್ತಿದ್ದ, ನಾನು ಅವನನ್ನೇ ನೋಡುತ್ತ ಕೂತೆ.

ಹತ್ತು ದಿನ ನಾನು ಆ ಚಾಳಿನ ಕಡೆ ಹೋಗಲಿಲ್ಲ. ಕೆಲಸವಿತ್ತು ಎಂದು ಹೇಳಬಹುದು, ಆದರೆ ಅದು ಸುಳ್ಳು. ಹನ್ನೊಂದನೆಯ ದಿನ ತಕ್ಕಡಿ ತೆಗೆದುಕೊಂಡು ಹೋದೆ. ಮಧ್ಯಾಹ್ನ ಎರಡು ಗಂಟೆ. ಬಾಗಿಲು ತೆರೆದಿತ್ತು. ಬಸಲಿಂಗವ್ವ ಕೂರುತ್ತಿದ್ದ ಜಾಗದಲ್ಲಿ ಚನ್ನವ್ವ ಗೋಡೆಗೊರಗಿ, ಎರಡು ಪೆಟ್ಟಿಗೆಗಳನ್ನು ಪಕ್ಕದಲ್ಲಿಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಮಕ್ಕಳು ಅಂಗಾತ ಮಲಗಿದ್ದವು. ತೂಗಿದೆ. ಇಬ್ಬರೂ ಚೆನ್ನಾಗಿ ಏರಿದ್ದರು, ಸಿದ್ದಲಿಂಗಪ್ಪ ಐದು ಪೌಂಡಿನ ಹತ್ತಿರ ಬಂದಿದ್ದ.

ದಾನಪ್ಪ ಗಾಢ ನಿದ್ದೆಯಲ್ಲಿದ್ದ, ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ಅವನ ಎಡಕ್ಕೆ ಕೌದಿ ಸ್ವಲ್ಪ ಉಬ್ಬಿತ್ತು. ಅಂಚು ಸರಿಸಿದೆ. ಬಸಲಿಂಗವ್ವ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಮಗನ ತೋಳು, ಹೆಗಲು, ಎದೆಯ ಅರ್ಧ ಅವಳ ಮೇಲಿತ್ತು. ತುಟಿಯ ಬಣ್ಣ ಬದಲಾಗಿತ್ತು, ಆ ಬಣ್ಣ ನನಗೆ ಗೊತ್ತು. ತೋಳನ್ನು ಎತ್ತಲು ಕೈ ಹಾಕಿದೆ. ಅವಳು ತಲೆಯಾಡಿಸಿ ಬೇಡ ಎಂದಳು. ಬಾಗಿ ಕಿವಿ ಕೊಟ್ಟೆ. ಒಂದೊಂದು ಮಾತಿಗೂ ಉಸಿರು ಒಟ್ಟುಗೂಡಿಸಿಕೊಂಡು ಹೇಳಿದಳು:

“ಭಾಳ ವಜ್ಜಿ ಅದಾನವಾ. ಒದರಾಕೂ ಬರೂದಿಲ್ಲ... ಅದಕೂ ಹಿಂಗ ಆಗಿರಬೇಕು.”

ನನ್ನ ಕಣ್ಣಲ್ಲಿ ನೀರು ಬಂತು. ಎದ್ದು ಚನ್ನವ್ವನ ಹತ್ತಿರ ಹೋಗಿ, ಇದು ಎಲ್ಲಿಯವರೆಗೆ ಮಾರಾಯ್ತಿ ಎಂದು ಕೇಳಿದೆ. ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಹಾಕಿದಳು.

“ಇವಕ್ಕ ತಾವ ಹೊಳ್ಳಾಕ ಬರೂತನಕ್ರಿ.”

ಮಕ್ಕಳಿಗೆ ಆಗ ಆರು ವಾರ. ತಾವಾಗಿ ಮಗ್ಗುಲು ಹೊರಳುವುದಕ್ಕೆ ಇನ್ನು ನಾಲ್ಕು ತಿಂಗಳಾದರೂ ಬೇಕಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೌದಿಯ ಹೊರಗೆ ಚಾಚಿದ್ದ ಬಸಲಿಂಗವ್ವನ ಕೈಯನ್ನು ನೋಡಿದೆ. ಬೆರಳುಗಳು ತಿಂಗಳು ಎಣಿಸುವಂತೆ ಒಂದೊಂದಾಗಿ ಮಡಚಿಕೊಂಡು, ನಾಲ್ಕನೆಯದರ ಹತ್ತಿರ ನಿಂತಿದ್ದವು.